ಬಾವಿ ಕುಳ್ಳಯ್ಯನ ಮುಚ್ಚಿದ ಕಿವಿ

ಕಿಕ್ಕೇರಿಯ ಸುತ್ತಿನ ಹಳ್ಳಿಗಳಲ್ಲಿ ಬಿಂದಿಗೆಯೋ ಕೊಡವೋ ಬಾವಿಗೆ ಬಿದ್ದರೆ ಮೊದಲು ಪಾತಾಳಗರಡಿ ಇಳಿಬಿಡುತ್ತಿದ್ದರು. ಕೊಕ್ಕೆಗಳ ಆ ಕಬ್ಬಿಣದ ಗೊಂಚಲಿಗೆ ಏನೂ ಸಿಗದಿದ್ದರೆ ಕುಳ್ಳಯ್ಯನಿಗೆ ಹೇಳಿ ಕಳಿಸುತ್ತಿದ್ದರು. ಹೆಸರು ಕೇಳಿ ಗಿಡ್ಡ ಆಸಾಮಿ ಬರುತ್ತಾನೆಂದು ಕಾದವರು, ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವ ಉದ್ದನೆಯ ಆಳನ್ನು ನೋಡಿ ನಗುತ್ತಿದ್ದರು. ತಾತನ ಹೆಸರನ್ನು ಮೊಮ್ಮಗನಿಗೆ ಇಟ್ಟಿದ್ದರು, ಅಷ್ಟೇ.

ಅವನಿಗೆ ಕಾಲುವೆ ಬಯಲಲ್ಲಿ ಒಂದಿಷ್ಟು ಗದ್ದೆಯಿತ್ತು. ಮನೆಯ ಹಿಂದೆ ಎರಡು ಸೀಮೆಹಸು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಗದ್ದೆಗೆ ನೀರು ತಿರುವಿ ಬಂದರೆ ಉಳಿದ ಹೊತ್ತು ಊರವರದ್ದು. ತೊಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ನಮ್ಮ ಕಡೆ ಬೋರ್‌ವೆಲ್ಲುಗಳು ಇನ್ನೂ ಎಲ್ಲ ಕಡೆ ಬಂದಿರಲಿಲ್ಲ. ತೋಟಕ್ಕೊಂದು ತೆರೆದ ಬಾವಿ, ಅದರ ದಡದಲ್ಲಿ ಮೋಟರು, ನೀರಿನೊಳಗೆ ಇಳಿದ ಪೈಪು. ಆ ಪೈಪಿನ ತುದಿಯ ಫುಟ್‌ವಾಲ್ವಿಗೆ ಕಸ ಸಿಕ್ಕಿಕೊಂಡರೆ ಮೋಟರು ಸುಮ್ಮನೆ ಗುರ್ ಅನ್ನುತ್ತಿತ್ತೇ ಹೊರತು ನೀರು ಬರುತ್ತಿರಲಿಲ್ಲ. ತಳಕ್ಕೆ ಹೋಗಿ ಕಸ ಬಿಡಿಸಬೇಕು. ಎರಡಾಳು, ಮೂರಾಳು ಆಳದ ನೀರಿನ ತಳಕ್ಕೆ ಒಂದೇ ಉಸಿರಲ್ಲಿ ಹೋಗಿ, ಕತ್ತಲಲ್ಲಿ ಕೈಯಿಂದಲೇ ತಡಕಿ ಕೆಲಸ ಮುಗಿಸಿ ಬರುವವನು ಆ ಕಡೆಗೆಲ್ಲ ಕುಳ್ಳಯ್ಯ ಒಬ್ಬನೇ. ನಾಗಮಂಗಲದ ಕಡೆಯಿಂದ, ಪಾಂಡವಪುರದ ಕಡೆಯಿಂದ ಜನ ಬಸ್ಸು ಹತ್ತಿ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಊಟ ಹಾಕಿ ಎಲೆಯಡಿಕೆ ಕೊಟ್ಟರೆ ಅವನಿಗೆ ಸಾಕಾಗಿತ್ತು. ಬೇಕಾಗಿದ್ದದ್ದು ಇನ್ನೊಂದು: ತಲೆ ನೀರಿನಿಂದ ಮೇಲೆ ಬಂದಾಗ ದಡದಲ್ಲಿದ್ದವರು ಒಟ್ಟಿಗೆ ಬಿಡುವ ಆ ಉಸಿರು. ಅದನ್ನು ಕೇಳಲೆಂದೇ ಅವನು ಇಳಿಯುತ್ತಿದ್ದ ಅಂತ ಅವನ ಹೆಂಡತಿ ಮಂಗಳಮ್ಮ ಹೇಳುತ್ತಿದ್ದಳು.

ಬರಿಗೈಯಲ್ಲಿ ಮೇಲೆ ಬಂದವನಲ್ಲ ಎಂಬುದು ಅವನ ಹೆಮ್ಮೆ. ಮದುವೆ ಮನೆಗಳಲ್ಲಿ ಆ ಮಾತನ್ನು ಬೇರೆಯವರು ಹೇಳುವಂತೆ ಮಾಡಿ ತಾನು ನೆಲ ನೋಡುತ್ತಾ ಕೂರುತ್ತಿದ್ದ.

ತೊಂಬತ್ನಾಲ್ಕರ ಕಾರ್ತಿಕದಲ್ಲಿ ಅವನಿಗೆ ಜೋರು ನೆಗಡಿಯಾಯಿತು. ಮೂಗು ಕಟ್ಟಿ, ತಲೆ ಭಾರವಾಗಿ ಮಲಗಿದ್ದವನನ್ನು ನಾಗಮಂಗಲದ ಹತ್ತಿರದ ತೋಟದವರೊಬ್ಬರು ಕರೆಯಲು ಬಂದರು. ಮಂಗಳಮ್ಮ ಬೇಡವೆಂದಳು. ಅವನು ಟವಲು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ.

ಬಾವಿ ಹಳೆಯದು, ಕಲ್ಲು ಕಟ್ಟಿದ್ದು. ಅವನು ಪೈಪು ಹಿಡಿದು ಎಂದಿನಂತೆ ಮುಳುಗಿದ. ಒಂದಾಳು ಆಳ ದಾಟಿದ್ದನೋ ಇಲ್ಲವೋ, ಬಲಗಿವಿಯೊಳಕ್ಕೆ ಯಾರೋ ದಬ್ಬಳ ತೂರಿಸಿದಂತಾಯಿತು. ಹಲ್ಲು ಕಚ್ಚಿ ಇನ್ನೊಂದು ಮೊಳ ಇಳಿದ. ನೋವು ದವಡೆಗೆ, ಕಣ್ಣಿಗೆ ಹತ್ತಿತು. ಕೈ ತಾನಾಗಿಯೇ ಪೈಪು ಬಿಟ್ಟಿತು. ಮೇಲೆ ಬಂದು ಸುಧಾರಿಸಿಕೊಂಡು ಮತ್ತೆ ಮುಳುಗಿದ. ಮತ್ತೆ ಅದೇ ಜಾಗಕ್ಕೆ ಅದೇ ನೋವು. ಕೊನೆಗೆ ಮೆಟ್ಟಿಲ ಮೇಲೆ ಕೂತು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ದಡದಲ್ಲಿ ಯಾರೂ ಉಸಿರು ಬಿಡಲಿಲ್ಲ. ತೋಟದವರು, "ಓಗ್ಲಿ ಬುಡು ಕುಳ್ಳಣ್ಣ, ವಯಸ್ಸಾಯ್ತಲ್ಲ" ಅಂದರು. ಸಮಾಧಾನಕ್ಕೆ ಅಂದ ಮಾತು. ಅವನಿಗೆ ಕಿವಿನೋವಿಗಿಂತ ಅದು ಹೆಚ್ಚು ಚುಚ್ಚಿತು.

ನೆಗಡಿ ಹೋಯಿತು, ಕಿವಿ ತೆರೆಯಲಿಲ್ಲ. ಹತ್ತಿ ತುರುಕಿದಂತೆ ಬಲಗಿವಿ ಮುಚ್ಚಿಕೊಂಡೇ ಇತ್ತು. ಮುದ್ದೆ ನುಂಗಿದರೆ ಒಳಗೆ ಪಟ್ ಎಂಬ ಸದ್ದು. ತಾನು ಮಾತಾಡಿದ್ದು ಗುಡಾಣದೊಳಗಿಂದ ಕೇಳಿದಂತೆ ತನಗೇ ಕೇಳುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಬಾವಿಗಿಳಿಯುವವನ ಕಿವಿ ಕೆಟ್ಟಿತೆಂದು ಗೊತ್ತಾದರೆ ಮುಗಿಯಿತು ಎಂದುಕೊಂಡ. ಕರೆಯಲು ಬಂದವರಿಗೆ ಹಸು ಕರು ಹಾಕುವುದಿದೆ, ಗದ್ದೆ ಕಳೆ ಇದೆ ಎಂದು ನೆಪ ಹೇಳಿ ಕಳಿಸಿದ. ಜಗಲಿಯಲ್ಲಿ ಕೂತವರು ಬಲಗಡೆಯಿಂದ ಮಾತಾಡಿಸಿದರೆ ಮೈ ತಿರುಗಿಸಿ ಎಡಗಿವಿ ಕೊಡುವುದನ್ನು ರೂಢಿ ಮಾಡಿಕೊಂಡ.

ಮಂಗಳಮ್ಮನಿಗೆ ಗೊತ್ತಾಗದೆ ಇರುತ್ತದೆಯೇ?

"ನಾನು ಒಳಗಿಂದ ಕೂಗಿದ್ರೆ ನಿಂಗೆ ಕೇಳಾಕಿಲ್ಲ. ನೀನು ಮಾತಾಡಿದ್ರೆ ಬೀದಿಗೆಲ್ಲ ಕೇಳ್ತದೆ. ಏನಾಗದೆ ಏಳು" ಎಂದು ಒಂದು ಬೆಳಿಗ್ಗೆ ಹಾಲಿನ ಕ್ಯಾನು ಅಡ್ಡ ಇಟ್ಟುಕೊಂಡು ಕೇಳಿದಳು.

"ಏನೂ ಆಗಿಲ್ಲ ಕನಮ್ಮಿ."

"ಏನೂ ಆಗದೋನು ಯಾಕೆ ನೀರ್ಗೆ ಇಳೀತಿಲ್ಲ?"

ಅವನು ಕ್ಯಾನು ಎತ್ತಿಕೊಂಡು ಹೋದ. ಅವಳು ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಕಿವಿಗೆ ಬಿಟ್ಟಳು. ಉಗುರುಬೆಚ್ಚಗಿನ ಉಪ್ಪಿನ ಗಂಟು ಇಟ್ಟಳು. ಗಂಗೆಗೆ ಪೂಜೆ ಮಾಡಿಸಿದಳು. ನೋವಿನ ಚುರುಕು ಇಳಿಯಿತು, ಮುಚ್ಚಿದ್ದು ಮುಚ್ಚಿಯೇ ಇತ್ತು.

ಸಂಕ್ರಾಂತಿ ಕಳೆದ ಮೇಲೆ ಕಿಕ್ಕೇರಿಯ ಸ್ಕೂಲಿನಲ್ಲಿ ಕಿವಿ, ಮೂಗು, ಗಂಟಲಿನ ಕ್ಯಾಂಪು ಎಂದು ಆಟೋದಲ್ಲಿ ಮೈಕು ಕಟ್ಟಿಕೊಂಡು ಕೂಗಿ ಹೋದರು. ದೊಡ್ಡ ಆಸ್ಪತ್ರೆಯ ಡಾಕ್ಟರುಗಳು ಬರುತ್ತಾರೆಂದು ಹೇಳಿದರು. ಕುಳ್ಳಯ್ಯನ ಜೊತೆ ಓದಿದ ಚಿಕ್ಕಸ್ವಾಮಿ ಆ ದಾರಿಯ ಖಾಸಗಿ ಬಸ್ಸಿನ ಕಂಡಕ್ಟರು. ಅವತ್ತು ರಜ ಹಾಕಿ ಮನೆ ಬಾಗಿಲಿಗೇ ಬಂದ.

"ಎದ್ದೇಳ್ಲಾ, ಕ್ಯಾಂಪಿಗೋಗವ."

"ನಂಗೇನಾಗದೆ? ನಾನ್ಯಾಕೆ ಬರ್ಲಿ?"

"ಮಂಗಳಕ್ಕ ಎಲ್ಲಾನೂವೆ ಏಳವ್ಳೆ. ಸುಮ್ಕೆ ಬಾರ್ಲಾ. ಜನ ನೋಡ್ದಂಗೆ ಇಂದ್ಗಡೆ ಬಾಗ್ಲಿಂದ ಕರ್ಕೋಗ್ತೀನಿ."

ಸ್ಕೂಲಿನ ಹಿಂದಿನ ಬಾಗಿಲಿಗೆ ಬೀಗ ಹಾಕಿತ್ತು. ಮುಂದಿನ ಬಾಗಿಲಲ್ಲಿ ಉದ್ದ ಸಾಲು. ಕುಳ್ಳಯ್ಯ ಟವಲನ್ನು ತಲೆಗೆ ಸುತ್ತಿ, ಅರ್ಧ ಮುಖ ಮುಚ್ಚಿಕೊಂಡು ನಿಂತ. ಆರಡಿ ಮನುಷ್ಯ ಟವಲಿನಲ್ಲಿ ಅಡಗುವುದು ಸಾಧ್ಯವಿರಲಿಲ್ಲ. ಸಾಲಿನಲ್ಲಿದ್ದವರೆಲ್ಲ "ಏನು ಕುಳ್ಳಣ್ಣ, ನೀನೂ ಬಂದ್ಯಾ" ಎಂದು ಮಾತಾಡಿಸಿದರು.

ಕಾಯಿಲೆ ಇದ್ದವರು ಮಾತ್ರವಲ್ಲ, ಜೊತೆಗೆ ಬಂದವರು, ಸುಮ್ಮನೆ ನೋಡಲು ಬಂದವರನ್ನೂ ಡಾಕ್ಟರುಗಳು ಕೂರಿಸಿ ವಿಚಾರಿಸುತ್ತಿದ್ದರು. ಕಿವಿ ನೋವೆಂದು ಆಸ್ಪತ್ರೆಗೆ ಬರುವವರ ವಿಷಯ ಅವರಿಗೆ ಗೊತ್ತಿತ್ತು. ಆಸ್ಪತ್ರೆಗೆ ಬಾರದೆ ಊರಲ್ಲೇ ಉಳಿದ ಸಾಮಾನ್ಯ ಜನರಲ್ಲಿ ಎಷ್ಟು ಮಂದಿಗೆ ಕಿವಿಯ ತೊಂದರೆ ಇದೆ ಎಂಬುದನ್ನು ಅವರು ತಿಳಿಯಬೇಕಾಗಿತ್ತು. ಸಾಲಿನ ತಲೆಯಲ್ಲಿ ಕೂತಿದ್ದ ಡಾಕ್ಟರು ಕವಿತ ಎಂಬ ಹೆಣ್ಣುಮಗಳು. ಎಲ್ಲರಿಗೂ ಅವರು ಕೇಳುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಪ್ರಶ್ನೆ.

"ಕಿವಿ ಮುಚ್ಚಿಕೊಂಡ ಹಾಗೆ ಆಗುತ್ತಾ? ನುಂಗಿದಾಗ ಪಟ್ ಅನ್ನುತ್ತಾ?"

ಕುಳ್ಳಯ್ಯನ ಎಡಗಿವಿ ಚುರುಕಾಯಿತು. ಮುಂದೆ ನಿಂತಿದ್ದ ಹೂವಿನ ಗೌರಮ್ಮ, "ಊಂ ಕನವ್ವ, ನೆಗಡಿ ಬಂದ್ರೆ ಒಂದ್ ತಿಂಗ್ಳು ಬುಡಾಕಿಲ್ಲ. ನಾನು ನಂಗೊಬ್ಳಿಗೆ ಅಂದ್ಕಂಡಿದ್ದೆ" ಎಂದಳು. ಅವಳ ಹಿಂದಿನವನು ಇಲ್ಲವೆಂದು ತಲೆಯಾಡಿಸಿದ. ಅವನ ಹಿಂದಿನವನೂ ಇಲ್ಲವೆಂದ. ಆಮೇಲೆ ಬಂದ ನಿವೃತ್ತ ಮೇಷ್ಟ್ರು ಸ್ವಲ್ಪ ಅನುಮಾನಿಸಿ, ದನಿ ತಗ್ಗಿಸಿ, ತಮಗೂ ಆಗುತ್ತದೆ, ಯಾರಿಗೂ ಹೇಳಿಲ್ಲ ಎಂದರು. ಮತ್ತೆ ಇಲ್ಲ ಎಂದವರು ಬಹಳ ಮಂದಿ. ನಡುನಡುವೆ ಒಬ್ಬೊಬ್ಬರು ಹೌದು ಎನ್ನುವವರು. ಪ್ರತಿ ಹೌದಿಗೂ ಕುಳ್ಳಯ್ಯನ ಟವಲು ಒಂದಿಷ್ಟು ಸಡಿಲವಾಯಿತು. ಅವನ ಸರದಿ ಬರುವ ಹೊತ್ತಿಗೆ ಅದು ಹೆಗಲ ಮೇಲಿತ್ತು.

ಡಾಕ್ಟರು ಬೆಳಕಿನ ಕೊಳವೆ ಇಟ್ಟು ಅವನ ಕಿವಿ ನೋಡಿದರು. ಮೂಗು ನೋಡಿದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಅವನು ಬಾವಿಗಿಳಿಯುವುದನ್ನು ಹೇಳಿದಾಗ ಅವರು ಕೈಯಲ್ಲಿದ್ದದ್ದನ್ನು ಮೇಜಿನ ಮೇಲಿಟ್ಟರು.

"ನೆಗಡಿ ಇದ್ದಾಗ ಇಳಿದಿದ್ರಾ?"

"ಇಳಿದ್ಬುಟ್ಟಿದ್ದೆ ಡಾಕ್ಟ್ರಮ್ಮ."

"ನೋಡಿ, ಮೂಗಿನ ಹಿಂಭಾಗದಿಂದ ಕಿವಿಯ ಒಳಕ್ಕೆ ಒಂದು ಸಣ್ಣ ಕೊಳವೆ ಇದೆ. ಯೂಸ್ಟೇಷಿಯನ್ ನಾಳ ಅಂತ ಅದರ ಹೆಸರು. ಯಾವಾಗಲೂ ಮುಚ್ಚಿರುತ್ತೆ. ನಾವು ನುಂಗಿದಾಗ, ಆಕಳಿಸಿದಾಗ ಒಂದು ಕ್ಷಣ ತೆರೆದು, ಒಳಗಿನ ಗಾಳಿಯನ್ನ ಹೊರಗಿನದಕ್ಕೆ ಸರಿ ಮಾಡುತ್ತೆ. ನೆಗಡಿ ಬಂದು ಅದು ಊದಿಕೊಂಡರೆ ತೆರೆಯೋದಿಲ್ಲ. ಆಗ ಕಿವಿಯ ತಮಟೆ ಒಳಕ್ಕೆ ಎಳೆದುಕೊಳ್ಳುತ್ತೆ. ಅಂಥದ್ದರಲ್ಲಿ ನೀವು ನೀರಿಗಿಳಿದರೆ ಮೇಲಿನ ನೀರೆಲ್ಲ ಅದನ್ನ ಒತ್ತದೆ ಬಿಡುತ್ತಾ?"

ಕುಳ್ಳಯ್ಯ ತನ್ನ ಬಲಗಿವಿ ಮುಟ್ಟಿಕೊಂಡ.

"ಫುಟ್‌ವಾಲ್ವು ಕಚ್ಕಂಡಂಗೆ ಅನ್ನಿ."

ಡಾಕ್ಟರಿಗೆ ಫುಟ್‌ವಾಲ್ವು ಗೊತ್ತಿರಲಿಲ್ಲ. ಚಿಕ್ಕಸ್ವಾಮಿ ಮುಂದೆ ಬಂದು ವಿವರಿಸಿದ. ಅವರು ನಕ್ಕು, "ಹಾಗೇ ಅಂದುಕೊಳ್ಳಿ" ಎಂದರು.

ಅವನಿಗೆ ಕೇಳಬೇಕಾದದ್ದು ಇನ್ನೂ ಇತ್ತು. "ಅಂಗಾರೆ ಇದು ವಯಸ್ಸಿಂದಲ್ವಾ? ನಂಗೊಬ್ನಿಗೇ ಬಂದಿರೋದಲ್ವಾ?"

"ಅಲ್ಲವೇ ಅಲ್ಲ. ಯಾವ ಊರಲ್ಲಾದರೂ ನೂರು ಜನ ದೊಡ್ಡವರನ್ನ ನಿಲ್ಲಿಸಿ ಕೇಳಿದರೆ ಕೆಲವರಿಗಾದರೂ ಇದು ಇದ್ದೇ ಇರುತ್ತೆ. ಮಕ್ಕಳಿಗೆ ಇನ್ನೂ ಜಾಸ್ತಿ, ಅವರ ನಾಳ ಚಿಕ್ಕದು, ಬೇಗ ಕಟ್ಟಿಕೊಳ್ಳುತ್ತೆ. ಬಹಳ ಜನಕ್ಕೆ ಇದೆ, ಬಹಳ ಜನ ಹೇಳಿಕೊಳ್ಳೋದಿಲ್ಲ. ಇವತ್ತು ನೀವೇ ಸಾಲಿನಲ್ಲಿ ಕೇಳಿದ್ರಲ್ಲ?"

ಮೂಗಿಗೆ ಬಿಡುವ ಔಷಧಿ ಕೊಟ್ಟರು. ಕಿವಿಗೆ ಎಣ್ಣೆ ಬಿಡಬಾರದು ಎಂದರು. ಕಿವಿ ಸರಿಯಾಗಿ ತೆರೆದುಕೊಳ್ಳುವವರೆಗೆ ನೀರಿಗೆ ಇಳಿಯಕೂಡದು. ಆಮೇಲೂ ಮುಳುಗುವ ಮೊದಲಿಂದಲೇ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಬೇಕು. ಇಳಿಯುತ್ತಾ ಇಳಿಯುತ್ತಾ ಊದುತ್ತಿರಬೇಕು, ನೋವು ಬರುವವರೆಗೆ ಕಾಯಬಾರದು. ತೆರೆಯದಿದ್ದರೆ ಬಲವಂತ ಮಾಡದೆ ಮೇಲೆ ಬರಬೇಕು. ಕುಳ್ಳಯ್ಯ ಪ್ರತಿಯೊಂದನ್ನೂ ಅಲ್ಲೇ ಒಮ್ಮೆ ತಾನೇ ಹೇಳಿ ಒಪ್ಪಿಸಿದ.

ಹೊರಗೆ ಬಂದು ಹುಣಿಸೆಮರದಡಿ ಟೀ ಕುಡಿಯುವಾಗ ಚಿಕ್ಕಸ್ವಾಮಿ ಲೋಟ ಹಿಡಿದು ಸ್ಕೂಲಿನ ಬಾಗಿಲನ್ನೇ ನೋಡುತ್ತಿದ್ದ.

"ಏನ್ಲಾ?"

"ನಂದೂ ಮುಚ್ಕತದೆ ಕಣ್ಲಾ. ಬಸ್ಸು ಮೇಲುಕೋಟೆ ಬೆಟ್ಟ ಅತ್ತುವಾಗ ಎರಡೂ ಕಿವಿ ಗಪ್ ಅಂತದೆ. ಅದ್ಕೇ ಅಷ್ಟು ಕಿರ್ಚ್ಕಂಡು ಟಿಕೆಟ್ ಟಿಕೆಟ್ ಅನ್ನೋದು."

"ಅಯ್ಯೋ ಮುಂಡೇದೇ, ಒಳಗಡೆ ಯಾಕ್ಲಾ ಏಳ್ನಿಲ್ಲ?"

"ನೀನು ಏಳಿದ್ದೀಯೇನ್ಲಾ ಇಷ್ಟು ದಿನ?"

ಇಬ್ಬರೂ ನಕ್ಕರು. ಚಿಕ್ಕಸ್ವಾಮಿ ಲೋಟ ಕೆಳಗಿಟ್ಟು ಹೋಗಿ ಮತ್ತೆ ಸಾಲಿನ ಕೊನೆಗೆ ನಿಂತ.

ಮನೆಗೆ ನಡೆದು ಬರುವಾಗ ಕುಳ್ಳಯ್ಯನಿಗೆ ಡಾಕ್ಟರ ಇನ್ನೊಂದು ಮಾತು ನೆನಪಾಯಿತು. ಮಕ್ಕಳಿಗೆ ಇನ್ನೂ ಜಾಸ್ತಿ. ಅವನ ಮಗಳು ಅನು ಎರಡನೇ ಕ್ಲಾಸಿನಲ್ಲಿದ್ದಳು. ಸ್ಕೂಲಿನಲ್ಲಿ ಹೇಳಿದ್ದನ್ನು ಕೇಳಿಸಿಕೊಳ್ಳುವುದಿಲ್ಲ, ಯಾವಾಗಲೂ ಎಲ್ಲೋ ಇರುತ್ತಾಳೆ ಎಂದು ಟೀಚರು ದೂರು ಹೇಳಿ ಕಳಿಸಿದ್ದರು. ಮನೆಯಲ್ಲೂ ಕರೆದರೆ ಬರುತ್ತಿರಲಿಲ್ಲ. ಮೊಂಡಾಟ ಅಂತ ಇಬ್ಬರೂ ಗದರುತ್ತಿದ್ದರು. ಅವತ್ತು ಅವಳು ಅಂಗಳದಲ್ಲಿ ಕಲ್ಲಾಟ ಆಡುತ್ತಿದ್ದಳು. ಕುಳ್ಳಯ್ಯ ಅವಳ ಬೆನ್ನ ಹಿಂದೆ ನಿಂತು, ಕೂಗದೆ, ಮೆಲ್ಲಗೆ "ಮಗಾ" ಎಂದ. ತಿರುಗಲಿಲ್ಲ. ಎದುರಿಗೆ ಹೋಗಿ ಅಷ್ಟೇ ಮೆಲ್ಲಗೆ ಅಂದ. ಅವನ ತುಟಿ ನೋಡಿ ನಕ್ಕು ಎದ್ದು ಬಂದಳು.

ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ ದಾರಿಯಲ್ಲೇ ಓಡಿದ. ಕ್ಯಾಂಪಿನವರು ಮೇಜು ಮಡಿಸುತ್ತಿದ್ದರು. ಡಾಕ್ಟರು ಕವಿತ ಮತ್ತೆ ಪೆಟ್ಟಿಗೆ ತೆರೆದು ನೋಡಿದರು. ಎರಡೂ ಕಿವಿಯ ತಮಟೆಯ ಹಿಂದೆ ಅಂಟು ನೀರು ನಿಂತಿತ್ತು. ಇದೂ ಅದೇ ನಾಳದ ತೊಂದರೆ, ಮಕ್ಕಳಲ್ಲಿ ತುಂಬಾ ಸಾಮಾನ್ಯ, ಬಹಳ ಸಲ ತಾನೇ ಹೋಗುತ್ತೆ, ಹೋಗದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಎಂದರು. ಅಲ್ಲಿಯವರೆಗೆ ಸ್ಕೂಲಿನಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಲು ಹೇಳಿ ಎಂದರು. ಮರುದಿನ ಕುಳ್ಳಯ್ಯ ತಾನೇ ಸ್ಕೂಲಿಗೆ ಹೋದ. "ನನ್ ಮಗ್ಳು ದಡ್ಡಿ ಅಲ್ಲ ಕಣವ್ವ, ಅವ್ಳಿಗೆ ಕೇಳಿಸ್ತಿರ್ನಿಲ್ಲ" ಎಂದು ಟೀಚರಿಗೆ ಹೇಳಿದ. ಟೀಚರು ಒಳ್ಳೆಯವರು. ಅನುವನ್ನು ಆಗಲೇ ಎಬ್ಬಿಸಿ ತಮ್ಮ ಮೇಜಿನ ಮುಂದೆ ಕೂರಿಸಿದರು. ಬೇಸಿಗೆ ರಜದ ಹೊತ್ತಿಗೆ ಅವಳ ಕಿವಿ ತಿಳಿಯಾಯಿತು. ಅವಳು ಮಾತಾಡುವುದು ಎಷ್ಟು ಹೆಚ್ಚಾಯಿತೆಂದರೆ ಮಂಗಳಮ್ಮನೇ "ಸಾಕು ಸುಮ್ಕಿರೆ" ಎನ್ನುವಂತಾಯಿತು.

ಇತ್ತ ಕುಳ್ಳಯ್ಯ ನೆಪ ಹೇಳುವುದನ್ನು ಬಿಟ್ಟ. ಅದು ಅವನಿಗೆ ಸುಲಭವಾಗಿರಲಿಲ್ಲ. ನಾಗರಾಜು ಎಂಬ ಅಕ್ಕಿ ಗಿರಣಿಯವರು ಜೀಪು ತಂದು ನಿಲ್ಲಿಸಿ, ತೋಟದ ಮೋಟರು ನಿಂತಿದೆ, ಜೀಪು ಹತ್ತು ಎಂದರು. ಜೀಪಿನ ಸುತ್ತ ನಾಲ್ಕು ಜನ ಸೇರಿದ್ದರು.

"ನನ್ ಕಿವಿ ಇನ್ನೂ ತೆರ್ಕಂಡಿಲ್ಲ ಸಾಮಿ. ಇಳಿಯಾಕಿಲ್ಲ."

"ಕಿವಿ ತಕಂಡು ಏನ್ಮಾಡೀಯೋ, ಕೈಯಲ್ಲಿ ತಾನೆ ಕೆಲ್ಸ" ಎಂದು ನಾಗರಾಜು ನಕ್ಕರು. ಜನವೂ ನಕ್ಕಿತು. ಕುಳ್ಳಯ್ಯ ನಗಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಮೂಗಿನ ಹಿಂದಿನ ಕೊಳವೆಯ ವಿಷಯವನ್ನು ಮೊದಲಿಂದ ಕೊನೆಯವರೆಗೆ ಅಲ್ಲೇ ನಿಂತು ಹೇಳಿದ. ನಕ್ಕವರಲ್ಲಿ ಒಬ್ಬ ಆಮೇಲೆ ಹಿಂದೆಯೇ ಮನೆಗೆ ಬಂದು, "ನಂದೂ ಅಂಗೇ ಆಯ್ತದೆ ಕುಳ್ಳಣ್ಣ" ಎಂದು ಪಿಸುಗುಟ್ಟಿದ. ಅಂಥವರು ಬರುತ್ತಲೇ ಇದ್ದರು. ಡೈರಿಯಲ್ಲಿ, ಗಿರಣಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಜನ ಅವನನ್ನು ಪಕ್ಕಕ್ಕೆ ಕರೆದು ತಮ್ಮ ಕಿವಿಯ ಕತೆ ಹೇಳಿದರು. ಔಷಧಿ ಅವನು ಹೇಳುತ್ತಿರಲಿಲ್ಲ. "ನಿಂಗೊಬ್ನಿಗೇ ಅಲ್ಲ ಕಣಪ್ಪ, ಡಾಕ್ಟ್ರಿಗೆ ತೋರ್ಸು" ಎನ್ನುತ್ತಿದ್ದ, ಅಷ್ಟೇ. ಕೇಳಿದವರ ಮುಖ ಆಗಲೇ ಅರ್ಧ ಗುಣವಾದಂತೆ ಕಾಣುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು ಮತ್ತೆ ನೋಡಿ, ತಮಟೆ ಜಾಗಕ್ಕೆ ಬಂದಿದೆ, ಮೆಲ್ಲಗೆ ಶುರು ಮಾಡಿ ಎಂದರು. ಊರ ಬಾವಿಯಲ್ಲಿ ಜನ ನೋಡುತ್ತಾರೆಂದು ಅವನು ತೊಣ್ಣೂರು ಕೆರೆಗೆ ಹೋದ. ಮಂಗಳಮ್ಮ ಬುತ್ತಿ ಕಟ್ಟಿಕೊಂಡು ಜೊತೆಗೇ ಹೊರಟಳು. ಕೆರೆಯ ನೀರು ತಿಳಿಯಾಗಿತ್ತು, ದಡದಿಂದಲೇ ಕೆಳಗಿನ ಕಲ್ಲು ಕಾಣುತ್ತಿತ್ತು. ಅವನು ಬಂಡೆ ಹಿಡಿದು ಕಾಲು ಮೊದಲು ಮಾಡಿ ಇಳಿದ. ಮೂಗು ಹಿಡಿದು ಊದಿದ. ಎಡಗಿವಿ ತೆರೆಯಿತು. ಬಲಗಿವಿ ತೆರೆಯಲಿಲ್ಲ. ಮೇಲೆ ಬಂದ. ಮೊದಲಾಗಿದ್ದರೆ ಹಲ್ಲು ಕಚ್ಚಿ ಇಳಿಯುತ್ತಿದ್ದ. ಈಗ ಬಂಡೆಯ ಮೇಲೆ ಕೂತು ನುಂಗಿದ, ಆಕಳಿಸಿದ, ಮಂಗಳಮ್ಮ ಕೊಟ್ಟ ಮಜ್ಜಿಗೆ ಕುಡಿದ. ಮತ್ತೆ ಇಳಿದ. ಒಂದಾಳು ಆಳದಲ್ಲಿ ಬಲಗಿವಿಯೊಳಗೆ ಕೀಲು ಬಿಚ್ಚಿದಂತೆ ಪಟ್ ಎಂದಿತು. ನೋವು ಬರುವ ಜಾಗದಲ್ಲಿ ನೋವಿರಲಿಲ್ಲ. ನೀರಿನೊಳಗಿನ ಸದ್ದುಗಳೆಲ್ಲ ಎರಡೂ ಕಡೆಯಿಂದ ಬಂದವು.

ತಲೆ ಮೇಲೆತ್ತಿದಾಗ ಅವನು ನಗುತ್ತಿದ್ದ. ಮಂಗಳಮ್ಮ ಉಸಿರು ಬಿಟ್ಟಳು.

"ಕೇಳುಸ್ತು ಕನಮ್ಮಿ" ಎಂದ.

"ಏನು ಕೇಳುಸ್ತು?"

"ನೀನು ಉಸ್ರು ಬುಟ್ಟಿದ್ದು."

ಅವಳು ಟವಲನ್ನು ಅವನ ಮುಖದ ಮೇಲೆ ಎಸೆದಳು.

ಆ ಬೇಸಿಗೆಯಲ್ಲಿ ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಕರೆ ಬಂತು. ಊರಿಗೆಲ್ಲ ಕುಡಿಯುವ ನೀರು ಒಂದೇ ದೊಡ್ಡ ಬಾವಿಯಿಂದ ಟ್ಯಾಂಕಿಗೆ ಏರುತ್ತಿತ್ತು. ಮೋಟರು ಓಡುತ್ತಿತ್ತು, ನೀರು ಬರುತ್ತಿರಲಿಲ್ಲ. ಹೆಂಗಸರು ಕೊಡ ಹೊತ್ತು ದೂರದ ತೋಟಗಳಿಗೆ ಅಲೆಯುತ್ತಿದ್ದರು. ಕುಳ್ಳಯ್ಯ ತಲುಪುವ ಹೊತ್ತಿಗೆ ಊರಿನ ಹುಡುಗರಿಬ್ಬರು ಆಗಲೇ ಇಳಿದು ಸೋತಿದ್ದರು. ಅವರಲ್ಲಿ ದಿಲೀಪ್ ಎಂಬ ಗಟ್ಟಿಮುಟ್ಟಿನ ಯುವಕ ಕಟ್ಟೆಯ ಮೇಲೆ ತಲೆ ಸುತ್ತಿ ಕೂತಿದ್ದ. ಕಿವಿಯಿಂದ ಸಣ್ಣಗೆ ರಕ್ತ ಬರುತ್ತಿತ್ತು. ಅವನಜ್ಜಿ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದಳು.

ಕುಳ್ಳಯ್ಯ ಬಾವಿಯ ಕಡೆ ನೋಡಲೂ ಇಲ್ಲ.

"ಎಣ್ಣೆ ಬುಡ್ಬೇಡಿ ಕನವ್ವ. ಏನೂ ಬುಡ್ಬೇಡಿ. ನಿಂಗೆ ನೆಗಡಿ ಇತ್ತೇನಪ್ಪ?"

"ಇತ್ತು. ಸ್ವಲ್ಪ."

"ಇಳಿಯುವಾಗ ನೋವು ಬಂತಾ?"

"ಬಂತು. ಗಂಡಸಾಗಿ ಎಂಗೆ ಮೇಲೆ ಬರೋದು ಅಂತ ಒಳೀಕೆ ಓದೆ. ಪಟ್ ಅಂತು, ತಲೆ ತಿರುಗ್ತು."

ಕುಳ್ಳಯ್ಯ ಅವನ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟ. "ನಾನೂ ಅಂಗೇ ಓಗಿದ್ದೆ ಕಣ್ಲಾ. ನೋವಾದ್ರೆ ಮೇಲೆ ಬರೋದು ತಪ್ಪಲ್ಲ" ಎಂದ. ಯಾರದ್ದೋ ಬೈಕಿನಲ್ಲಿ ಅವನನ್ನು ಕೂರಿಸಿ, ಕಿವಿಗೆ ನೀರು ತಾಗದಂತೆ ನೋಡಿಕೊಳ್ಳಲು ಹೇಳಿ ಆಸ್ಪತ್ರೆಗೆ ಕಳಿಸಿದ. ಬೈಕು ತಿರುವು ದಾಟಿದ ಮೇಲೆ ಅಂಗಿ ಬಿಚ್ಚಿದ.

ಮೊದಲ ಸಲ ಮುಳುಗಿದವನು ಅರ್ಧಕ್ಕೇ ಮೇಲೆ ಬಂದ. ಬಲಗಿವಿ ಒಪ್ಪಿರಲಿಲ್ಲ. ದಡದಲ್ಲಿ ಗುಜುಗುಜು ಎದ್ದಿತು. "ಇವ್ನೂ ಆಯ್ತು" ಎಂದಿತು ಒಂದು ದನಿ. ಅದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

"ಕಿವಿ ತೆರ್ಕಬೇಕು. ಸ್ವಲ್ಪ ಕಾಯಿರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಮೆಟ್ಟಿಲ ಮೇಲೆ ಕೂತು, ಮೂಗು ಹಿಡಿದು ಮೆಲ್ಲಗೆ ಊದಿದ. ಊರಿನ ಯಜಮಾನರು ನಂಜಪ್ಪ ಎಂಬುವರು ಕೈಯೆತ್ತಿ ಜನರನ್ನು ಸುಮ್ಮನಿರಿಸಿದರು.

ಮತ್ತೆ ಪೈಪು ಹಿಡಿದ. ಮೊಳ ಮೊಳಕ್ಕೂ ಊದುತ್ತಾ ಇಳಿದ. ಕಿವಿ ಪಟ್ ಎಂದಿತು, ಇನ್ನಷ್ಟು ಇಳಿದ, ಮತ್ತೆ ಪಟ್ ಎಂದಿತು. ತಳ ತಣ್ಣಗಿತ್ತು, ಬೆಳಕಿರಲಿಲ್ಲ. ಫುಟ್‌ವಾಲ್ವಿನ ಜಾಲರಿಗೆ ಗೋಣಿಚೀಲವೊಂದು ಬಿಗಿಯಾಗಿ ಸುತ್ತಿಕೊಂಡಿತ್ತು. ಕೈ ತಡಕಿ ತುದಿ ಹುಡುಕಿತು. ಎಳೆದರೆ ಬರಲಿಲ್ಲ. ಉಸಿರು ಮುಗಿಯುವ ಮೊದಲೇ ಬಿಟ್ಟು ಮೇಲೆ ಬಂದ. ಈ ಸಲ ದಡದಲ್ಲಿ ಜನ ಕಾದರು. ಕುಡುಗೋಲು ಕೇಳಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಇಳಿದ. ಗೋಣಿಯನ್ನು ನಾರು ನಾರಾಗಿ ಕೊಯ್ದ. ಚೀಲದ ಚೂರುಗಳನ್ನು ಎದೆಗೆ ಅವುಚಿಕೊಂಡು ಅವನ ತಲೆ ನೀರಿನ ಮೇಲೆ ಬಂದಾಗ, ಇಡೀ ಊರು ಒಟ್ಟಿಗೆ ಉಸಿರು ಬಿಟ್ಟಿತು.

ಮೋಟರು ಹಾಕಿದರು. ಪೈಪು ಒಮ್ಮೆ ಕೆಮ್ಮಿ, ಕೆಂಪು ನೀರು ಕಕ್ಕಿತು. ಆಮೇಲೆ ತಿಳಿನೀರು ಟ್ಯಾಂಕಿಗೆ ಏರಿತು. ಹೆಂಗಸರು ನಲ್ಲಿಗಳ ಕಡೆ ಓಡಿದರು. ಚಿಕ್ಕಬೋರಮ್ಮ ಎಂಬ ಮುದುಕಿ ಮೊದಲ ಚೊಂಬು ನೀರನ್ನು ತಾನು ಕುಡಿಯದೆ ತಂದು ಅವನ ಕೈಗೆ ಕೊಟ್ಟಳು. ದಿಲೀಪನ ಕಿವಿ ತಮಟೆ ಹರಿದಿದೆ, ನೀರು ಸೋಕದಂತೆ ಇದ್ದರೆ ಕೂಡಿಕೊಳ್ಳುತ್ತದೆ ಎಂದು ಆಸ್ಪತ್ರೆಯಿಂದ ಸುದ್ದಿ ಬಂದಿತು. ಮಳೆಗಾಲದ ಹೊತ್ತಿಗೆ ಅದು ಕೂಡಿಕೊಂಡಿತು.

ಆಮೇಲೆ ಅವನು ಹೋದಲ್ಲೆಲ್ಲ ಆಯಾ ಊರಿನ ಈಜುಗಾರ ಹುಡುಗರನ್ನು ಕೂರಿಸಿಕೊಂಡು ಹೇಳಿಕೊಡತೊಡಗಿದ. ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಧುಮುಕುವ ಹುಡುಗರಿಗೂ ಹೇಳಿಕೊಟ್ಟ. ನೆಗಡಿ ಇದ್ದರೆ ಇಳಿಯಬೇಡಿ, ನೋವಾದರೆ ಮೇಲೆ ಬನ್ನಿ. ಬರಿಗೈಯಲ್ಲಿ ಮೇಲೆ ಬರದವನು ಎಂಬ ಮಾತನ್ನು ಯಾರಾದರೂ ಎತ್ತಿದರೆ ಅವನೇ ತಿದ್ದುತ್ತಿದ್ದ. "ಬಂದಿವ್ನಿ, ಬಂದಿವ್ನಿ. ಅದ್ಕೇ ಇನ್ನೂ ಇಳೀತಾ ಇರೋದು."

ಮರುವರ್ಷ ನಾಗಮಂಗಲದಲ್ಲಿ ದೊಡ್ಡ ಕ್ಯಾಂಪು ನಡೆಯಿತು. ಡಾಕ್ಟರು ಕವಿತ ಅವನಿಗೆ ಹೇಳಿ ಕಳಿಸಿ ಕರೆಸಿಕೊಂಡರು. ಜನ ತುಂಬಿದ್ದರು, ಆದರೆ ಕಣ್ಣಿಗೆ, ಹಲ್ಲಿಗೆ ಬಂದವರೇ ಹೆಚ್ಚು. ಕಿವಿಯ ಸಾಲು ಖಾಲಿಯಿತ್ತು. ಕುಳ್ಳಯ್ಯನನ್ನು ಮೈಕಿನ ಮುಂದೆ ನಿಲ್ಲಿಸಿದರು. ಮಂಗಳಮ್ಮ ಹೊಸ ಸೀರೆ ಉಟ್ಟು, ಅನುವನ್ನು ಮಡಿಲಲ್ಲಿ ಕೂರಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಮೈಕಿನ ಎತ್ತರ ಅವನ ಎದೆಗೆ ಬಂದಿತ್ತು. ಬಗ್ಗಿ ಮಾತಾಡಿದ.

"ನಾನು ಬಾವಿಗಿಳಿಯೋನು. ನನ್ ಕಿವಿ ಮುಚ್ಕಂಡಿತ್ತು. ಯಾರ್ಗೂ ಏಳ್ದೆ ಬಚ್ಚಿಟ್ಕಂಡಿದ್ದೆ, ನಂಗೊಬ್ನಿಗೇ ಅಂತ. ನನ್ ಮಗೀಗೂ ಇತ್ತು, ನಂಗೆ ಗೊತ್ತಾಗ್ನಿಲ್ಲ. ಇಲ್ಲಿ ಯಾರ್‍ಯಾರಿಗೆ ಅಂಗಾಗದೆ, ನಾಚ್ಕೆ ಬುಟ್ಟು ಕೈ ಎತ್ರಿ."

ಯಾರೂ ಎತ್ತಲಿಲ್ಲ. ಅವನು ಕಾದ. ಗುಂಪಿನ ನಡುವೆ ಸೊಸೆಯ ಪಕ್ಕ ಕೂತಿದ್ದ ಒಬ್ಬಳು ಅತ್ತೆ ಮೊದಲು ಕೈ ಎತ್ತಿದಳು. ಸೊಸೆ ಅವಳ ಮುಖ ನೋಡಿ, ನಗುತ್ತಾ ತಾನೂ ಎತ್ತಿದಳು. ಆಮೇಲೆ ಹಿಂದೆ ನಿಂತಿದ್ದ ಪೊಲೀಸಿನವನು. ಐಸ್‌ಕ್ಯಾಂಡಿ ಮಾರುವವನು. ಮಗುವಿನ ಕೈ ಹಿಡಿದು ಎತ್ತಿಸಿದ ಒಬ್ಬ ತಾಯಿ. ಇಲ್ಲೊಂದು, ಅಲ್ಲೊಂದು, ಜನರ ನಡುವೆ ಕೈಗಳು ಏಳುತ್ತಾ ಹೋದವು. ಎತ್ತಿದವರು ಸುತ್ತ ತಿರುಗಿ ಒಬ್ಬರನ್ನೊಬ್ಬರು ನೋಡಿಕೊಂಡರು.

ಕುಳ್ಳಯ್ಯ ಮೈಕಿನ ಹಿಂದೆ ನೆಟ್ಟಗೆ ನಿಂತು ಆ ಕೈಗಳನ್ನು ನೋಡುತ್ತಿದ್ದ. ಅನು ತಾಯಿಯ ಮಡಿಲಿಂದ ಎದ್ದು, ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೆ ಜೋರಾಗಿ ಹೇಳಿದಳು: "ಅವ್ರು ನಮ್ಮಪ್ಪ."